ಲಂಡನ್ನಿನ ಬೆಳಗಾವಿ

ಪಕ್ಕದ ಮನೆಯವರು ಗರಾಜಿನ ಬಾಗಿಲಿಗೆ ಬಣ್ಣ ಹೊಡೆಸುತ್ತಿದ್ದಾರೆ. ಅಮೆರಿಕದ ನೋವೈ ಎಂಬ ಊರಿನ ನಮ್ಮ ಬಡಾವಣೆಯಲ್ಲಿ ಯಾರು ಯಾವ ಬಣ್ಣ ಹೊಡೆಸಬೇಕೆಂದು ಹೇಳಲು ಒಂದು ಸಮಿತಿಯೇ ಇದೆ. ಹಾಗಾಗಿ ಎಲ್ಲರ ಬಾಗಿಲೂ ಕೆನೆ ಬಣ್ಣ. ಹಸಿ ಬಣ್ಣದ ಆ ವಾಸನೆ ಮೂಗಿಗೆ ಬಡಿದಾಗಲೆಲ್ಲ ನಾನು ಬೆಳಗಾವಿಗೆ ಹೋಗಿಬಿಡುತ್ತೇನೆ. ಕುಂದಾ ಸಿಗುವ ಬೆಳಗಾವಿಗಲ್ಲ, ಲಂಡನ್ನಿನದಕ್ಕೆ.

ಅಪ್ಪ ಮುಂಬೈಯಲ್ಲಿ ಒಬ್ಬ ಸೇಠಾಣಿಯ ಕಾರು ಓಡಿಸುತ್ತಿದ್ದ. ವಿಧವೆಯಾದ ಮೇಲೆ ಆಕೆ ಲಂಡನ್ನಿನ ಬೆಲ್‌ಗ್ರೇವಿಯಾಕ್ಕೆ ಹೋಗಿ ನೆಲೆಸಲು ಹೊರಟಾಗ ಅಪ್ಪನನ್ನೂ, ಅಡುಗೆಗೆಂದು ಅವ್ವನನ್ನೂ ಬರಹೇಳಿದಳು. ನಾನು, ಅವ್ವ ಆಗ ಗದಗಿನಲ್ಲಿದ್ದೆವು. ಫೋನಿನಲ್ಲಿ ಆ ಜಾಗದ ಹೆಸರು ಕೇಳಿದ ಅವ್ವ, "ಬೆಳಗಾವಿಗೆ ಹೋಗಾಕ ಇಮಾನ ಯಾಕ ಬೇಕ್ರೀ? ಬಸ್ಸಿಗೆ ಹೋದ್ರ ಮಧ್ಯಾಹ್ನದ ಊಟಕ್ಕ ಮುಟ್ಟತೇವಿ," ಎಂದಿದ್ದಳು. ಅಪ್ಪ ನಕ್ಕೂ ನಕ್ಕೂ ಸಾಕಾದ. ಅಂದಿನಿಂದ ನಮ್ಮ ಮನೆಯಲ್ಲಿ ಬೆಲ್‌ಗ್ರೇವಿಯಾಕ್ಕೆ ಬೆಳಗಾವಿ ಎಂದೇ ಹೆಸರು.

ಅಲ್ಲಿಯ ಬೀದಿಗಳು ಬೆಳ್ಳಗೆ, ಎತ್ತರವಾಗಿ, ಸದ್ದಿಲ್ಲದೆ ಇದ್ದವು. ಮನೆಗಳೆಲ್ಲ ಒಂದೇ ಕೆನೆ ಬಣ್ಣ, ಒಂದೇ ತರಹದ ಕಂಬ, ಕರಿ ಬಾಗಿಲಿನ ಮೇಲೆ ಫಳಫಳ ಹಿತ್ತಾಳೆ. ಕೆಲವು ವರ್ಷಗಳಿಗೊಮ್ಮೆ ಇಡೀ ಸಾಲಿಗೇ ಬಣ್ಣವಾಗುತ್ತಿತ್ತು. ನಾವಿದ್ದದ್ದು ಆ ವೈಭವದ ಬುಡದಲ್ಲಿ: ಬೀದಿಯಿಂದ ಮೆಟ್ಟಿಲಿಳಿದು ಹೋಗುವ ನೆಲಮನೆಯಲ್ಲಿ, ಅಡುಗೆಮನೆಗೆ ಅಂಟಿದ ಎರಡು ಕೋಣೆಗಳಲ್ಲಿ. ಕಿಟಕಿಯಿಂದ ಜನ ಕಾಣುತ್ತಿರಲಿಲ್ಲ, ಅವರ ಕಾಲು ಕಾಣುತ್ತಿದ್ದವು. ಸಿರಿವಂತರ ಬೀದಿಯನ್ನು ನಾನು ಮೊಣಕಾಲಿನ ತನಕ ಮಾತ್ರ ಬಲ್ಲೆ. ಅವ್ವ ರೊಟ್ಟಿ ಬಡಿಯುತ್ತಲೇ ಆ ಕಾಲುಗಳಿಗೆಲ್ಲ ಹೆಸರಿಟ್ಟಿದ್ದಳು. "ಕಂದು ಬೂಟಿನ ಗೌಡ್ರು ಹೊಂಟ್ರು, ನಿಮ್ಮಪ್ಪಗ ಚಾ ಇಡು," ಎನ್ನುವಳು. ನಮಗೆ ಬೇರೆ ಗಡಿಯಾರ ಬೇಕಿರಲಿಲ್ಲ.

ಊರಿಗೊಂದು ದಾರಿಯಾದರೆ ಅವ್ವನಿಗೊಂದು ದಾರಿ. ಬೂಟು ಕಚ್ಚುತ್ತದೆಂದು ಉಣ್ಣೆಯ ಸಾಕ್ಸಿನ ಮೇಲೆ ಊರಿಂದ ತಂದ ಚಪ್ಪಲಿ ಮೆಟ್ಟಿ, ದೂರದ ಪೇಟೆಯಿಂದ ಮೆಂತ್ಯ, ಜೋಳದ ಹಿಟ್ಟು ತರುತ್ತಿದ್ದಳು. ಆ ಬೀದಿಯಲ್ಲಿ ಅಂಥ ಕಾಲು ಒಂದೇ ಜೋಡಿ. ಸಂಜೆ ಕಿಟಕಿಯಲ್ಲಿ ಅವು ಕಂಡದ್ದೇ ಅಪ್ಪನ ಮುಖ ಅರಳುತ್ತಿತ್ತು. "ನಿಮ್ಮವ್ವ ಬಂದ್ಲು, ಬಾಗಿಲಾ ತಗಿ," ಎಂದು ನನ್ನನ್ನು ಓಡಿಸಿ, ಅವಳು ಒಳಗೆ ಬಂದೊಡನೆ ಮುಖ ಗಂಟಿಕ್ಕಿ "ಯಾಕ ತಡಾ?" ಎಂದು ಕೇಳುವನು. ಅವ್ವ ಪ್ರತಿಸಲ ತಪ್ಪೆಲ್ಲ ಬಸ್ಸಿನ ಮೇಲೆ ಹಾಕುವಳು.

ಸೇಠಾಣಿ ತೀರಿಕೊಂಡಳು, ಮನೆ ಮಾರಾಟವಾಯಿತು. ನಾವು ಊರಾಚೆಯ ಒಂದು ಫ್ಲ್ಯಾಟಿಗೆ ಹೋದೆವು. ಅವ್ವ ಹೋದದ್ದು ಅಲ್ಲಿಂದಲೇ. ನಾನು ಕಾರು ಕಂಪನಿಯ ಕೆಲಸ ಹಿಡಿದು ನೋವೈಗೆ ಬಂದೆ, ಒಂಟಿಯಾದ ಅಪ್ಪನನ್ನೂ ಕರೆತಂದೆ. ಅವನಿಗೆ ಮರೆವು ಹತ್ತಿದ್ದು ಇಲ್ಲಿ. ಒಂದೇ ಮಾತು ಹಿಡಿದು ಕೂತ: "ನನ್ನ ಮನಿಗೆ ಕರಕೊಂಡ ಹೋಗವಾ, ಬೆಳಗಾವಿಗೆ." ಮೈಸೂರಿನವರಾದ ನನ್ನ ಗಂಡ ಪಾಪ, "ಅದಕ್ಕೇನಂತೆ, ಬೆಂಗಳೂರಿಂದ ಫ್ಲೈಟ್ ಇದೆ, ಬುಕ್ ಮಾಡ್ತೀನಿ," ಎಂದರು. ಅಪ್ಪನ ಮನೆ ಯಾವುದೆಂದು ನನಗೊಬ್ಬಳಿಗೇ ಗೊತ್ತಿತ್ತು. ಮಾರಾಟಕ್ಕಿಟ್ಟ ಮನೆಗಳ ವೆಬ್‌ಸೈಟಿನಲ್ಲಿ ಅದನ್ನು ನೋಡಿಯೂ ಇದ್ದೆ. ಅವ್ವ ರೊಟ್ಟಿ ಬಡಿಯುತ್ತಿದ್ದ ಜಾಗವನ್ನು ಅಗೆದು ಈಜುಕೊಳ ಮಾಡಿದ್ದರು. ನೀಲಿ ನೀರು, ಚೆಂದವಾಗಿಯೇ ಇತ್ತು. ಅಪ್ಪನಿಗೆ ನಾನು ಅದನ್ನು ತೋರಿಸಲಿಲ್ಲ.

ಅವನು ದಿನವಿಡೀ ನಮ್ಮ ಬೇಸ್‌ಮೆಂಟಿನಲ್ಲೇ ಕೂರತೊಡಗಿದ. ಅಲ್ಲಿಯೂ ಗೋಡೆಯ ಮೇಲ್ತುದಿಗೆ ಒಂದು ಸಣ್ಣ ಕಿಟಕಿಯಿದೆ. ಅದನ್ನೇ ನೋಡುತ್ತ ಕಾಯುತ್ತಿದ್ದ. ನೋವೈನಲ್ಲಿ ಯಾರು ನಡೆಯುತ್ತಾರೆ? ಹುಲ್ಲು, ಅಳಿಲು, ಆಮೇಲೆ ಹಿಮ. "ಯಾರೂ ಬರವಲ್ಲರು," ಎನ್ನುತ್ತಿದ್ದ. ಅದನ್ನು ಕೇಳುವುದು ನನಗೆ ಕಷ್ಟವಾಗುತ್ತಿತ್ತು.

ಒಂದು ಸಂಜೆ ಕಸದ ಡಬ್ಬಿಯನ್ನು ಒಳಗೆಳೆಯಲು ಅವಸರದಲ್ಲಿ ಸಾಕ್ಸಿನ ಮೇಲೇ ಚಪ್ಪಲಿ ಮೆಟ್ಟಿ ಹೊರಗೆ ಹೋದೆ. ಮನೆಯ ಪಕ್ಕದಿಂದ, ಆ ಸಣ್ಣ ಕಿಟಕಿಯ ಮುಂದೆ ಹಾದು, ಬಳಸಿ ಬರುವಷ್ಟರಲ್ಲಿ ಮಗಳು ಬಾಗಿಲು ತೆರೆದು ನಿಂತಿದ್ದಳು.

"ಅಜ್ಜ ಟೋಲ್ಡ್ ಮಿ ಟು ಓಪನ್ ದ ಡೋರ್," ಎಂದಳು. "ಬಟ್ ಹಿ ಕಾಲ್ಡ್ ಮಿ ಬೈ ಯುವರ್ ನೇಮ್."

ಕೆಳಗಿನಿಂದ ಅಪ್ಪನ ದನಿ ಬಂತು. ಎಷ್ಟೋ ವರ್ಷಗಳಿಂದ ಕೇಳದಿದ್ದ ದನಿ, ಗಂಟಿಕ್ಕಿದ ಮುಖದ್ದು: "ಯಾಕ ತಡಾ?"

ನಾನು ಮೆಟ್ಟಿಲ ತುದಿಯಲ್ಲಿ ನಿಂತೆ. ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ಬಸ್ಸು ತಡಾ ಆತ್ರೀ," ಎಂದೆ.