ಕ್ಯೂ ಮಾವ ತನಗಾಗಿ ನಿಂತದ್ದು

ನನ್ನ ಸೋದರಮಾವನ ಉದ್ಯೋಗ ನಿಲ್ಲುವುದು. ತಮಾಷೆಯಲ್ಲ. ಬೇರೆಯವರು ಓಡಾಡಿಯೋ ಕೂತೋ ಸಂಪಾದಿಸಿದರೆ ನಮ್ಮ ಮಾವ ಇಪ್ಪತ್ತೆರಡು ವರ್ಷ ನಿಂತೇ ಸಂಸಾರ ತೂಗಿಸಿದ. ಲೈಸೆನ್ಸ್ ಕಚೇರಿ, ದೊಡ್ಡಾಸ್ಪತ್ರೆಯ ಚೀಟಿ ಕೌಂಟರು, ಪಾಸ್‌ಪೋರ್ಟು, ನಲ್ಲಿಯ ಕನೆಕ್ಷನ್ನು, ಎಲ್ಲಿ ಸಾಲಿದೆಯೋ ಅಲ್ಲಿ ಅವನಿದ್ದ. ಕೆಲಸ ಇನ್ಯಾರದ್ದೋ, ಕಾಲು ಮಾತ್ರ ಇವನದು. ಊರೆಲ್ಲ ಅವನನ್ನು ಕ್ಯೂ ಮಾವ ಎನ್ನುತ್ತಿತ್ತು. ನಿಜವಾದ ಸೊಸೆ ನಾನೊಬ್ಬಳೇ ಎಂದು ನನಗೆ ಒಳಗೊಳಗೇ ಸ್ವಲ್ಪ ಉರಿ.

ಮೊದಲು ಅವನು ಅಂಗಿಯ ಗುಂಡಿ ಮಾಡುವ ಕಾರ್ಖಾನೆಯಲ್ಲಿದ್ದ. ಅದು ಮುಚ್ಚಿದ ವಾರವೇ ಕೆಳಗಿನ ಮನೆಯ ಡಾಕ್ಟರು, “ನೀವು ಹೇಗೂ ಖಾಲಿ ಇದ್ದೀರಲ್ಲ, ನನ್ನ ಬದಲು ಸ್ವಲ್ಪ ಲೈಸೆನ್ಸ್ ಸಾಲಲ್ಲಿ ನಿಂತಿರಿ” ಎಂದರು. ಆ ‘ಸ್ವಲ್ಪ’ ಇಪ್ಪತ್ತೆರಡು ವರ್ಷವಾಯಿತು.

ನಿಲ್ಲುವುದರಲ್ಲೇನಿದೆ ಮಹಾ ಎನ್ನುವವರು ಒಂದು ದಿನ ನಿಂತು ನೋಡಬೇಕು. ನಾನಂತೂ ಐದು ನಿಮಿಷ ನಿಂತರೆ ಮುಂದಿನವರೊಂದಿಗೆ ಜಗಳ ತೆಗೆದಿರುತ್ತೇನೆ. ಮಾವ ಗಂಟೆಗೊಮ್ಮೆ ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಾಯಿಸುತ್ತಿದ್ದ, ನೀರನ್ನು ಗುಟುಕು ಗುಟುಕಾಗಿ ಕುಡಿಯುತ್ತಿದ್ದ, ಯಾರ ಜೊತೆಗೂ ರಾಜಕೀಯ ಮಾತಾಡುತ್ತಿರಲಿಲ್ಲ. ಊರಿನ ಅರ್ಧ ಜನರನ್ನು ಬೆನ್ನು ನೋಡಿಯೇ ಗುರುತಿಸುತ್ತಿದ್ದ. ಎದುರಿಗೆ ಬಂದು ನಕ್ಕರೆ ಮಾತ್ರ ಯಾರಿರಬಹುದು ಎಂದು ತಬ್ಬಿಬ್ಬಾಗುತ್ತಿದ್ದ.

ಎಲ್ಲಕ್ಕಿಂತ ನಾಜೂಕಾದದ್ದು ಕೊನೆಯ ಕ್ಷಣ. ಮುಂದೆ ಇಬ್ಬರಿದ್ದಾರೆ ಎನ್ನುವಾಗ ಗಿರಾಕಿಗೆ ಫೋನು ಹೋಗುತ್ತಿತ್ತು. ಕಾರು ಗೇಟಿನ ಹತ್ತಿರ ಬರುತ್ತಿತ್ತು. ಕೌಂಟರಿನಲ್ಲಿ “ಮುಂದಿನವರು” ಎಂದು ಕೂಗಿದ ಕೂಡಲೇ ಮಾವ ಎಡಕ್ಕೆ ಅರ್ಧ ಹೆಜ್ಜೆ ಸರಿಯುತ್ತಿದ್ದ, ಆ ಜಾಗಕ್ಕೆ ಗಿರಾಕಿ ಬಂದು ನಿಲ್ಲುತ್ತಿದ್ದ. ಒಳಗಿದ್ದ ಗುಮಾಸ್ತರಿಗೆ ಮನುಷ್ಯ ಬದಲಾದದ್ದೇ ತಿಳಿಯುತ್ತಿರಲಿಲ್ಲ.

“ಸಾಲು ಅಂದ್ರೆ ಪ್ರಜಾಪ್ರಭುತ್ವ ಪುಟ್ಟಿ. ಅಲ್ಲಿ ದೊಡ್ಡವರು ಚಿಕ್ಕವರು ಅಂತ ಇಲ್ಲ, ಎಲ್ಲರೂ ಸಮಾನರು” ಎಂದು ಮಾವ ನನಗೆ ಆಗಾಗ ಪಾಠ ಮಾಡುತ್ತಿದ್ದ. ನನಗೆ ಮೂವತ್ತು ದಾಟಿದರೂ ಅವನಿಗೆ ನಾನು ಪುಟ್ಟಿಯೇ.

“ದೊಡ್ಡವರು ಬಂದು ನಿಲ್ಲೋದೇ ಇಲ್ಲವಲ್ಲ ಮಾವ. ಉಳಿದವರು ಸಮಾನರಾಗಿರದೆ ಇನ್ನೇನಾಗ್ತಾರೆ” ಎಂದರೆ ಕೇಳಿಸದವನಂತೆ ಪಾದ ತಿಕ್ಕಿಕೊಳ್ಳುತ್ತಿದ್ದ.

ಒಂದು ಸಲ ಟಿಂಬರ್ ಡಿಪೋ ಸಾಹುಕಾರರು ವೋಟಿನ ಸಾಲಿಗೂ ಇವನನ್ನೇ ಕರೆಸಿದರು. ಮಾವ ಎರಡು ಗಂಟೆ ಬಿಸಿಲಲ್ಲಿ ನಿಂತ. ಬಾಗಿಲ ಬಳಿ ಸಾಹುಕಾರರು ಇಸ್ತ್ರಿ ಕೆಡದ ಅಂಗಿಯಲ್ಲಿ ಬಂದು, ಒಳಗೆ ಹೋಗಿ, ಬೆರಳು ತೋರಿಸುತ್ತ ಹೊರಬಂದು ಫೋಟೋ ತೆಗೆಸಿಕೊಂಡರು. ಮಾವ ಸಾಲಿನ ಬಾಲದ ತುದಿಗೆ ಹೋಗಿ ತನ್ನ ವೋಟಿಗಾಗಿ ಮತ್ತೆ ಎರಡು ಗಂಟೆ ನಿಂತ. ನನಗೆ ಮೈಯೆಲ್ಲ ಉರಿದು ಹೋಯಿತು. ಅವನು, “ಇಬ್ಬರದ್ದೂ ಒಂದೊಂದೇ ವೋಟು ತಾನೆ” ಎಂದು ನನ್ನನ್ನೇ ಸಮಾಧಾನ ಮಾಡಿದ.

ಹೀಗಿದ್ದ ಮಾವ ತನಗಾಗಿ ನಿಲ್ಲಬೇಕಾಗಿ ಬಂದದ್ದು ಅತ್ತೆಯ ಮೊಣಕಾಲಿನಿಂದ. ಅವರ ಮನೆ ಮೂರನೇ ಮಹಡಿ, ಐವತ್ತೆಂಟು ಮೆಟ್ಟಿಲು, ಲಿಫ್ಟಿಲ್ಲ. ಅತ್ತೆ ಬೀದಿಗಿಳಿದು ಎಂಟು ತಿಂಗಳಾಗಿತ್ತು. ತರಕಾರಿಯವನ ಜೊತೆ ಕಿಟಕಿಯಿಂದಲೇ ಚೌಕಾಸಿ ಮಾಡುತ್ತಿದ್ದಳು, ಗಂಟಲೇನೋ ಗಟ್ಟಿಯಿತ್ತು. ಆದರೆ ಸಂಜೆಯಾದರೆ ಕೆಳಗೆ ಜನ ಓಡಾಡುವುದನ್ನು ನೋಡುತ್ತ ಸುಮ್ಮನಾಗಿಬಿಡುತ್ತಿದ್ದಳು. ಅದನ್ನು ನೋಡಲು ನನಗೆ ಆಗುತ್ತಿರಲಿಲ್ಲ.

ಅಷ್ಟರಲ್ಲಿ ನಗರಸಭೆಯವರು ಹಳೆಯ ಗೋದಾಮು ಕೆಡವಿ ಕಡಿಮೆ ಬಾಡಿಗೆಯ ಮನೆಗಳನ್ನು ಕಟ್ಟಿಸಿದರು. ನೆಲಮಹಡಿಯಲ್ಲಿ ಹನ್ನೆರಡೇ ಮನೆ, ಬಾಗಿಲು ತೆಗೆದರೆ ಬೀದಿ. ಮೊದಲು ಅರ್ಜಿ ಕೊಟ್ಟ ಹನ್ನೆರಡು ಮಂದಿಗೆ ಅವು, ಉಳಿದವರಿಗೆ ಮೇಲಿನವು. ಹಿಂದೆ ಎರಡು ಸಲ ಹೀಗೇ ಆಸೆ ಹುಟ್ಟಿಸಿ ಮನೆ ಕೈತಪ್ಪಿತ್ತು. ಹಾಗಾಗಿ ಮಾವ ಅತ್ತೆಗೆ ಬಾಯಿ ಬಿಡಲಿಲ್ಲ, ಯಾರೋ ಗಿರಾಕಿಯ ಕೆಲಸ ಎಂದುಬಿಟ್ಟ.

ಅರ್ಜಿ ತೆಗೆದುಕೊಳ್ಳುವ ಹಿಂದಿನ ದಿನ ಸಾಹುಕಾರರ ಫೋನು ಬಂತು. ಅವರ ಬಾಮೈದನಿಗೊಂದು ನೆಲಮಹಡಿ ಮನೆ ಬೇಕಂತೆ.

“ನಾಳೆ ಆಗಲ್ಲ ಸಾಹುಕಾರ್ರೇ. ನಾಳೆ ನಾನು ನನಗೇ ನಿಲ್ತಾ ಇದೀನಿ.”

ಸಾಹುಕಾರರು ದನಿ ತಗ್ಗಿಸಿ, “ನನಗಿಂತ ದೊಡ್ಡವರಾ?” ಎಂದು ಕೇಳಿದರು.

ಬೆಳಗ್ಗೆ ಆರಕ್ಕೆ ಮುಂಚೆ ಯಾರೂ ನಿಲ್ಲಬಾರದೆಂದು ನೋಟೀಸಿನಲ್ಲಿತ್ತು. ಮಾವ ಸರಿಯಾಗಿ ಆರಕ್ಕೆ ನಗರಸಭೆಗೆ ಹೋದ. ನೋಟೀಸು ಓದದ ಹನ್ನೊಂದು ಜನ ಆಗಲೇ ನಿಂತಿದ್ದರು. ಇವನು ಹನ್ನೆರಡನೆಯವನು. ನಾನು ಕಾಗದಪತ್ರದ ನಕಲುಗಳಿದ್ದ ಫೈಲು ಹಿಡಿದು ಹಗ್ಗದ ಆಚೆಯ ಬೆಂಚಿನ ಮೇಲೆ ಕೂತೆ. ಸಾಲಿನೊಳಗೆ ಒಂದು ಅರ್ಜಿಗೆ ಒಬ್ಬರೇ ಎಂದು ನಿಯಮ.

ಕ್ಯೂ ಮಾವ ನಿಂತಿದ್ದಾನೆಂದ ಮೇಲೆ ಹಿಂದೆ ಯಾರೋ ಇರಲೇಬೇಕಲ್ಲ. ಯಾರು ಎಂದು ಗುಸುಗುಸು ಶುರುವಾಯಿತು. ಹದಿಮೂರನೆಯವನು, ಅಂದರೆ ಇವನ ಬೆನ್ನ ಹಿಂದಿದ್ದ ಜೆರಾಕ್ಸ್ ಅಂಗಡಿಯವನು, ನೇರವಾಗಿ ಕೇಳಿಯೇಬಿಟ್ಟ.

“ಈ ಸಲ ಯಾರಿಗೆ ಮಾವ?”

“ನನಗೇ ಕಣಪ್ಪ.”

“ಅದು ಸರಿ. ಯಾರಿಗೆ?”

“ನನಗೇ ಅಂದ್ನಲ್ಲ.”

ಜೆರಾಕ್ಸ್‌ನವನು ಹಿಂದಿನವರತ್ತ ತಿರುಗಿ, “ಹೆಸರು ಹೇಳೋ ಹಾಗಿಲ್ವಂತೆ” ಎಂದ. ಆ ಮಾತು ಸಾಲಿನ ಬಾಲ ಮುಟ್ಟುವಷ್ಟರಲ್ಲಿ ನಮ್ಮ ಮಾವನ ಹಿಂದೆ ಒಬ್ಬ ಮಂತ್ರಿ ಹುಟ್ಟಿಕೊಂಡಿದ್ದ. ಕಾವಲಿನವನು ಕುರ್ಚಿ ತಂದ. ಯಾರೋ ಟೀ ಕೊಟ್ಟರು. ವಾರ್ಡಿನ ಸದಸ್ಯರು ಸಾಲು ನೋಡಲು ಬಂದವರು ಇವನ ಮುಂದೆ ನಿಂತು, “ಸಾಹೇಬ್ರಿಗೆ ಹೇಳಿ, ನಾನು ಕೇಳ್ದೆ ಅಂತ” ಎಂದರು.

“ಯಾವ ಸಾಹೇಬ್ರೂ ಇಲ್ಲ ಸ್ವಾಮಿ. ನನ್ನ ಹೆಂಡ್ತಿಗೆ ಮೊಣಕಾಲು ನೋವು.”

ಸದಸ್ಯರು ಕಣ್ಣು ಮಿಟುಕಿಸಿ, “ಅರ್ಥ ಆಯ್ತು ಬಿಡಿ” ಎಂದು ಹೋದರು. ಮಾವ ಕುರ್ಚಿಯನ್ನು ಹಿಂದಿದ್ದ ಒಬ್ಬ ಬಸುರಿಗೆ ಕೊಟ್ಟ. ದೊಡ್ಡವರ ಕಡೆಯವರು ಎಷ್ಟು ಸರಳ ನೋಡಿ ಎಂದು ಅದಕ್ಕೂ ಮೆಚ್ಚುಗೆ ಬಂತು. ನಾನು ಬೆಂಚಿನ ಮೇಲೆ ತುಟಿ ಕಚ್ಚಿಕೊಂಡು ನಗುತ್ತಿದ್ದೆ.

ಹತ್ತಕ್ಕೆ ಕೌಂಟರು ತೆರೆಯಿತು. ಹನ್ನೊಂದನೆಯವರು ಚೀಟಿ ತೆಗೆದುಕೊಂಡು ಹೊರಟಾಗ ನಾನು ಎದ್ದು ನಿಂತೆ. ಉಳಿದಿದ್ದು ಒಂದೇ ಮನೆ, ಎದುರಿಗಿದ್ದವನು ನಮ್ಮ ಮಾವ. ಒಳಗಿನ ಗುಮಾಸ್ತರು ತಲೆ ಎತ್ತದೆ, “ಮುಂದಿನವರು” ಎಂದರು.

ಮಾವ ಎಡಕ್ಕೆ ಅರ್ಧ ಹೆಜ್ಜೆ ಸರಿದ.

ಸರಿದು, ಹಿಂದೆ ತಿರುಗಿ, ಗೇಟಿನ ಕಡೆ ನೋಡುತ್ತ ನಿಂತ. ಕಾರು ಬರಬೇಕಲ್ಲ. ಇಪ್ಪತ್ತೆರಡು ವರ್ಷ ಪಳಗಿದ ಕಾಲು, ಅದು ಇವನನ್ನು ಕೇಳಲೇ ಇಲ್ಲ. ಊರಿಗೆಲ್ಲ ಬಾಯಿ ಮಾಡುವ ನನಗೆ ಅವತ್ತು ಬಾಯಿಯೇ ಕೈಕೊಟ್ಟಿತು. ಕೌಂಟರಿನ ಮುಂದೆ ಒಬ್ಬ ಮನುಷ್ಯ ನಿಲ್ಲುವಷ್ಟು ಖಾಲಿ ಜಾಗ. ಜೆರಾಕ್ಸ್‌ನವನು ಒಂದು ಹೆಜ್ಜೆ ಇಟ್ಟರೆ ಮುಗಿಯಿತು.

“ಮುಂದಿನವರು” ಎಂದರು ಗುಮಾಸ್ತರು ಮತ್ತೆ.

ಜೆರಾಕ್ಸ್‌ನವನು ಅಲುಗಾಡಲಿಲ್ಲ. “ಇವರ ಸಾಹೇಬ್ರು ಬರಬೇಕು ಸಾರ್. ಕಾಯೋಣ” ಎಂದ. ಗುಮಾಸ್ತರು ಪೆನ್ನು ಕೆಳಗಿಟ್ಟು ಅಂಗಿಯ ಕಾಲರು ಸರಿಮಾಡಿಕೊಂಡರು. ಕಾವಲಿನವನು ಓಡಿಹೋಗಿ ಗೇಟಿನ ಎರಡೂ ಬಾಗಿಲು ತೆರೆದ. ಇಡೀ ನಗರಸಭೆ ಉಸಿರು ಬಿಗಿಹಿಡಿದು ಖಾಲಿ ಬೀದಿ ನೋಡಿತು. ಸೈಕಲ್ಲಿನಲ್ಲಿ ಒಬ್ಬ ಹಾಲಿನವನು ಹಾದುಹೋದ. ಎಲ್ಲರೂ ಅವನನ್ನೇ ಒಂದು ಗಳಿಗೆ ಅನುಮಾನದಿಂದ ನೋಡಿದರು.

ಕೊನೆಗೆ ನನಗೆ ದನಿ ಬಂತು.

“ಮಾವ, ಯಾರೂ ಬರಲ್ಲ. ನೀನೇ ಬಂದಿದೀಯ.”

ಅವನು ನನ್ನತ್ತ ನೋಡಿದ. ನಿದ್ದೆಯಿಂದ ಎದ್ದವನ ಹಾಗಿದ್ದ. ಆಮೇಲೆ ಬಲಕ್ಕೆ ಅರ್ಧ ಹೆಜ್ಜೆ ಇಟ್ಟು, ಆ ಖಾಲಿ ಜಾಗದಲ್ಲಿ ನಿಂತು, ಅರ್ಜಿಯನ್ನು ಕಿಂಡಿಯೊಳಗೆ ತಳ್ಳಿದ. ಗುಮಾಸ್ತರು ಅವನ ಹೆಸರು ಕೇಳಿದರು. ಇಷ್ಟು ವರ್ಷದಲ್ಲಿ ಅವರಿಗೆ ಅದು ಗೊತ್ತೇ ಇರಲಿಲ್ಲ. ಅವನು ಹೇಳಿದ, ಅವರು ಬರೆದುಕೊಂಡು ಮುದ್ರೆ ಒತ್ತಿದರು. ಹನ್ನೆರಡನೇ ನಂಬರು ನಮ್ಮದಾಯಿತು.

ಜೆರಾಕ್ಸ್‌ನವನ ಮುಖ ಇಷ್ಟಗಲ ಇದ್ದದ್ದು ಇಷ್ಟೇ ಆಯಿತು. “ನಿಜವಾಗ್ಲೂ ನಿಮಗೇನಾ? ಮೊದಲೇ ಹೇಳಬಾರದಿತ್ತಾ, ನಾನು ಮುಂದೆ ಹೋಗ್ತಿದ್ದೆ” ಎಂದ.

ಬೆಳಗಿನಿಂದ ಹೇಳುತ್ತಲೇ ಇದ್ದನಲ್ಲ ಎಂದು ನಾನು ಸೆರಗು ಬಿಗಿದೆ. ಇಲ್ಲದ ಸಾಹೇಬನಿಗೆ ಇಷ್ಟು ಜನ ದಾರಿ ಬಿಟ್ಟರು, ಎದುರಿಗಿರುವ ಮನುಷ್ಯನನ್ನು ತುಳಿದು ಹೋಗುತ್ತಿದ್ದರು. ಇದೇನಾ ನಿನ್ನ ಸಮಾನತೆ ಎಂದು ಮಾವನನ್ನೂ ಸೇರಿಸಿ ಬೈಯಬೇಕೆನಿಸಿತು. ಅವನು ನನ್ನ ತೋಳು ಹಿಡಿದು, “ಬಿಡು ಪುಟ್ಟಿ. ಅವನಿಗೂ ವಯಸ್ಸಾದ ತಾಯಿ ಇದಾಳೆ” ಎಂದ. ಜೆರಾಕ್ಸ್‌ನವನಿಗೆ ಒಂದನೇ ಮಹಡಿ ಸಿಕ್ಕಿತು. ಅದನ್ನು ಕೇಳಿ ನನ್ನ ಸಿಟ್ಟು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಅಲ್ಲೇ ಕೂತುಕೊಂಡಿತು.

ಐವತ್ತೆಂಟು ಮೆಟ್ಟಿಲು ಹತ್ತಿ ಹೋದಾಗ ಅತ್ತೆ ಕಿಟಕಿಯ ಬಳಿ ಕಾಲು ಚಾಚಿ ಕೂತಿದ್ದಳು.

“ಆಯ್ತೇನ್ರೀ ಕೆಲಸ?”

“ಆಯ್ತು. ಕೆಳಗಿನ ಮನೆಯೇ ಸಿಕ್ತು. ಆ ಗಿರಾಕಿ ಹೆಂಡ್ತಿಗೂ ನಿನ್ನ ಹಾಗೇ ಮೊಣಕಾಲು ನೋವು.”

“ಪಾಪ. ಅವಳಿಗಾದರೂ ಬೀದಿ ಸಿಕ್ತಲ್ಲ” ಎಂದಳು ಅತ್ತೆ. ಮನಸಾರೆ ಹೇಳಿದಳು. ನಾನು ಮುಖ ಆಚೆ ತಿರುಗಿಸಿಕೊಂಡೆ.

ಮಾವ ಮುದ್ರೆ ಬಿದ್ದ ಚೀಟಿಯನ್ನು ಅವಳ ಕೈಗಿಟ್ಟ. ಅವಳು ಅದನ್ನು ದೂರ ಹಿಡಿದು, ಹತ್ತಿರ ಹಿಡಿದು, ಎರಡು ಸಲ ಓದಿದಳು.

“ಇದ್ಯಾಕ್ರೀ, ನಿಮ್ಮ ಹೆಸರು ಬರೆದಿದಾರೆ? ಗಿರಾಕಿ ಬರಲೇ ಇಲ್ವಾ?”

“ಬಂದ” ಎಂದ ಮಾವ. “ಸ್ವಲ್ಪ ತಡವಾಗಿ ಬಂದ.”