ಗಣಿತದ ದಿನ ನಾನು ಕಾರ್ಕಳದಲ್ಲಿದ್ದೆ

ಮಗಳ ಎಸ್ಸೆಸ್ಸೆಲ್ಸಿ ವರ್ಷ ನಮ್ಮ ಮನೆಯಲ್ಲಿ ಮೊದಲು ಹೆದರಿದ್ದು ಅವಳಲ್ಲ, ಅವಳ ಅಪ್ಪ. ಅವರು ಮಣಿಪಾಲದಲ್ಲಿ ನಲ್ಲಿ, ಪೈಪು, ಪಂಪಿನ ಸಾಮಾನುಗಳ ಅಂಗಡಿ ಇಟ್ಟಿದ್ದಾರೆ. ಅದಕ್ಕೂ ಮೊದಲು ಹಲವು ವರ್ಷ ದುಬೈಯ ಗೋದಾಮಿನಲ್ಲಿ ದುಡಿದವರು. ಅಲ್ಲಿನ ಬಿಸಿಲಿಗೂ ಮೇಲಿನವರ ಬೈಗುಳಕ್ಕೂ ಜಗ್ಗದ ಮನುಷ್ಯ ಮಗಳ ಪರೀಕ್ಷೆಯ ಮುಂದೆ ಕುಗ್ಗಿಹೋದರು. ಟಿವಿಯ ಸಂಪರ್ಕ ತೆಗೆಸಿದರು. ಸ್ವಂತ ಅಕ್ಕನ ಮಗಳ ಸೀಮಂತಕ್ಕೆ ನಾವು ಯಾರೂ ಹೋಗಬಾರದು ಎಂದರು. ಅಂಗಡಿಯಿಂದ ಗಳಿಗೆಗೊಮ್ಮೆ ಫೋನು ಮಾಡಿ, ಓದುತ್ತಿದ್ದಾಳಾ, ಯಾವ ಪಾಠ, ಎಷ್ಟು ಹೊತ್ತಿನಿಂದ ಎಂದು ವಿಚಾರಿಸುತ್ತಿದ್ದರು.

ನಾನು ಬೆಳ್ಮಣ್ ಕಡೆಯ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಅಲೆವೂರಿನ ಮನೆಯಿಂದ ಬಸ್ಸು ಬದಲಿಸಿಕೊಂಡು ಹೋಗಿ ಬರಬೇಕು. ಪ್ರತಿ ವರ್ಷದ ಪೋಷಕರ ಸಭೆಯಲ್ಲಿ ಮೈಕು ಹಿಡಿದು ಮಕ್ಕಳ ಮೇಲೆ ಒತ್ತಡ ಹಾಕಬೇಡಿ ಎಂದು ಹೇಳುವ ಕೆಲಸ ನನ್ನದೇ. ಆ ವರ್ಷವೂ ಹೇಳಿದೆ. ಹೇಳಿ ಬಸ್ಸು ಹತ್ತಿದ ಮೇಲೆ ಕಿಟಕಿಯ ಪಕ್ಕ ಕುಳಿತು, ಮಗಳು ಇವತ್ತು ವಿಜ್ಞಾನ ಮುಗಿಸಿರುತ್ತಾಳಾ ಎಂದೇ ಲೆಕ್ಕ ಹಾಕುತ್ತಿದ್ದೆ.

ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಅವಳು ಗಣಿತದ ಕೊನೆಯ ಪುಟಗಳನ್ನು ಖಾಲಿ ಬಿಟ್ಟು ಬಂದಳು. ಲೆಕ್ಕ ಬಾರದೆ ಅಲ್ಲ. ಎರಡನೆಯ ಪುಟದ ಒಂದು ಪ್ರಮೇಯದಲ್ಲಿ ಸಿಕ್ಕಿಹಾಕಿಕೊಂಡು, ಅದನ್ನೇ ಹೊಡೆದು ಹಾಕಿ ಬರೆದು, ಮತ್ತೆ ಹೊಡೆದು ಹಾಕಿ, ಗಂಟೆ ಬಾರಿಸುವವರೆಗೂ ಅಲ್ಲೇ ಕುಳಿತಿದ್ದಳಂತೆ. ಆಮೇಲೆ ಊಟ ಕಡಿಮೆಯಾಯಿತು. ತಟ್ಟೆಯ ಮುಂದೆ ಕುಳಿತು ಅನ್ನ ಕಲಸುವುದು, ಎರಡು ತುತ್ತು ತಿಂದು ಹೊಟ್ಟೆನೋವು ಎಂದು ಏಳುವುದು. ಅದನ್ನು ನೋಡಿ ಅವಳ ಅಪ್ಪನೂ ತಟ್ಟೆ ದೂಡಿ ಏಳುತ್ತಿದ್ದರು.

ಒಂದು ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವಾಗ ಅವರಿಗೆ ಎದೆ ಬಿಗಿದ ಹಾಗೆ ಆಯಿತು. ಅಲ್ಲೇ ಮಣಿಪಾಲದಲ್ಲಿ ಡಾಕ್ಟರಿಗೆ ತೋರಿಸಿದೆವು. ಇಸಿಜಿಯಲ್ಲಿ ತೊಂದರೆ ಕಾಣಲಿಲ್ಲ, ರಕ್ತದೊತ್ತಡ ಮಾತ್ರ ಹೆಚ್ಚಿತ್ತು. ಡಾಕ್ಟರು ಚೀಟಿ ಬರೆಯುತ್ತಾ ಮನೆಯಲ್ಲಿ ಏನಾದರೂ ವಿಶೇಷ ಉಂಟಾ ಎಂದು ಕೇಳಿದರು. ಮಗಳ ಪರೀಕ್ಷೆ ಎಂದೆ. ಆಕೆ ತಲೆ ಎತ್ತಿ ಇವರನ್ನು ನೋಡಿ, ಫೆಬ್ರವರಿಯಲ್ಲಿ ತಮ್ಮಲ್ಲಿಗೆ ಬರುವ ಅರ್ಧಕ್ಕರ್ಧ ಅಪ್ಪ ಅಮ್ಮಂದಿರ ಕಾಯಿಲೆ ಇದೇ ಎಂದರು.

ಇದನ್ನು ಮಗಳಿಂದ ಮುಚ್ಚಿಡೋಣ ಎಂದು ಇವರು ಹೇಳಿದರು. ನಾನು ಒಪ್ಪಲಿಲ್ಲ. ಮುಚ್ಚಿಟ್ಟರೆ ನಮ್ಮ ಮುಖ ನೋಡಿಯೇ ಅವಳು ಇನ್ನೂ ಕೆಟ್ಟದ್ದನ್ನು ಊಹಿಸುತ್ತಾಳೆ. ಆ ಭಾನುವಾರ ಟ್ಯೂಷನ್ ತಪ್ಪಿಸಿ ಮೂವರೂ ಕಾಪು ಬೀಚಿಗೆ ಹೋದೆವು. ದೀಪಸ್ತಂಭದಿಂದ ಸ್ವಲ್ಪ ದೂರ, ಜನ ಕಡಿಮೆ ಇದ್ದ ಕಡೆ ಮರಳಿನ ಮೇಲೆ ಕುಳಿತು ಎಲ್ಲವನ್ನೂ ಹೇಳಿದೆ. ಅಪ್ಪನಿಗೆ ಆದದ್ದು, ಡಾಕ್ಟರು ಹೇಳಿದ್ದು, ಹೆದರುವ ಕಾರಣ ಇಲ್ಲವೆಂಬುದು. ಅವಳು ಕಾಲಿನಿಂದ ಮರಳು ಕೆದಕುತ್ತಾ ಕೇಳಿಸಿಕೊಂಡಳು. ಕೊನೆಗೆ ಅಪ್ಪನ ಕಡೆ ತಿರುಗಿದಳು.

"ಅಪ್ಪ, ಪ್ರಶ್ನೆಪತ್ರಿಕೆ ನೋಡಿದರೆ ನನಗೆ ನಿಮ್ಮ ಮುಖ ಕಾಣುತ್ತದೆ. ಉತ್ತರ ಕಾಣುವುದಿಲ್ಲ."

ಇವರು ಎದ್ದು ಪ್ಯಾಂಟು ಮಡಚಿಕೊಂಡು ನೀರಿನ ಹತ್ತಿರ ಹೋದರು. ಹೋಗಿ ಕರೆಯಬೇಕೆಂದು ನನಗೆ ಅನ್ನಿಸಿತು, ಆದರೆ ಮಗಳು ನನ್ನ ಕೈ ಹಿಡಿದುಕೊಂಡಿದ್ದಳು. ಅವರೇ ತಿರುಗಿ ಬಂದು ಅವಳ ಎದುರು ಕುಕ್ಕರಗಾಲಲ್ಲಿ ಕುಳಿತರು.

"ಹಾಗಾದರೆ ನನಗೆ ಆ ಗಣಿತ ಕಲಿಸು. ನೀನು ಓದುವುದು ಎಂತ ಅಂತಲೇ ಗೊತ್ತಿಲ್ಲದೆ ಹೆದರುತ್ತಾ ಇದ್ದೇನೆ. ಗೊತ್ತಾದರೆ ಸ್ವಲ್ಪ ಕಡಿಮೆ ಹೆದರಬಹುದು."

ತಮಾಷೆಗೆ ಹೇಳಿದ್ದು ಎಂದುಕೊಂಡೆ. ಮರುದಿನ ಸಂಜೆ ಅವರು ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ ಬೇಗ ಬಂದರು. ಕೈಕಾಲು ತೊಳೆದು, ಕನ್ನಡಕ ಹಾಕಿಕೊಂಡು ಊಟದ ಮೇಜಿನ ಮುಂದೆ ಕುಳಿತರು. ಪಿಯುಸಿಗೇ ಓದು ಬಿಟ್ಟವರು. ವರ್ಗ ಸಮೀಕರಣ ಅವರ ತಲೆಗೆ ಹತ್ತಲೇ ಇಲ್ಲ. ಸಮರೂಪ ತ್ರಿಭುಜಗಳಲ್ಲಿ ಯಾವ ಬಾಹು ಯಾವುದಕ್ಕೆ ಸರಿ ಎಂಬುದನ್ನು ದಿನವೂ ತಪ್ಪಿಸುತ್ತಿದ್ದರು. ಮಗಳು ಮೊದಮೊದಲು ಸಹನೆಯಿಂದ ಹೇಳಿದಳು, ಆಮೇಲೆ ಗದರಿದಳು. ಒಮ್ಮೆ ಅವರು ಚಿಹ್ನೆ ಬದಲಿಸುವುದನ್ನು ಮರೆತು ಲೆಕ್ಕದಲ್ಲಿದ್ದ ಹುಡುಗಿಯೊಬ್ಬಳ ವಯಸ್ಸನ್ನು ಋಣ ಸಂಖ್ಯೆಯಲ್ಲಿ ತಂದಿಟ್ಟಾಗ ಅವಳು ನಗಲಿಕ್ಕೆ ಶುರು ಮಾಡಿ ನಿಲ್ಲಿಸಲಾರದೆ ಹೋದಳು. ಅಡುಗೆಮನೆಯಲ್ಲಿ ನಾನು ಸೌಟು ಹಿಡಿದು ಹಾಗೇ ನಿಂತೆ. ಆ ನಗು ಕೇಳಿ ತಿಂಗಳುಗಳೇ ಆಗಿದ್ದವು. ಅವತ್ತು ಗಂಜಿ ಎರಡು ಸಲ ಬಡಿಸಿಕೊಂಡಳು.

ಅಪ್ಪನಿಗೆ ಕಲಿಸುತ್ತಾ ಅವಳಿಗೆ ತನ್ನ ತೊಂದರೆಯೂ ಕಂಡಿತು. ಅವರು ಒಂದು ಲೆಕ್ಕ ಹಿಡಿದರೆ ಬಿಡುತ್ತಿರಲಿಲ್ಲ, ಎಷ್ಟು ಹೊತ್ತಾದರೂ ಅದರಲ್ಲೇ ಒದ್ದಾಡುತ್ತಿದ್ದರು. ಅದನ್ನು ಬಿಟ್ಟು ಮುಂದೆ ಹೋಗಬೇಕು, ಆಮೇಲೆ ತಿರುಗಿ ಬರಬೇಕು ಎಂದು ಅವರಿಗೆ ಹೇಳಿ ಹೇಳಿ ಅವಳೇ ಹಾಗೆ ಮಾಡಲು ಕಲಿತಳು.

ನನ್ನ ಕಳವಳಕ್ಕೆ ನಾನೇ ಒಂದು ಉಪಾಯ ಕಂಡುಕೊಂಡೆ. ನಮ್ಮ ಸ್ಟಾಪಿಗಿಂತ ಮೊದಲೇ ಬಸ್ಸಿಳಿದು ಗದ್ದೆಯ ಬದಿಯ ರಸ್ತೆಯಲ್ಲಿ ನಡೆದು ಮನೆಗೆ ಬರುವುದು. ಗೇಟು ತೆರೆಯುವ ಮೊದಲು ಉಸಿರು ಹದಕ್ಕೆ ಬಂದಿರಬೇಕು, ಎಷ್ಟು ಓದಿದೆ ಎಂಬ ಪ್ರಶ್ನೆ ಬಾಯಿಯಿಂದ ಬರಬಾರದು. ಕೆಲವು ದಿನ ಗೇಟಿನ ತನಕ ಬಂದು ಮತ್ತೆ ಹಿಂದೆ ಹೋಗಿ ಇನ್ನೊಂದು ಸುತ್ತು ಹಾಕಿದ್ದೂ ಉಂಟು.

ಪರೀಕ್ಷೆ ಹತ್ತಿರ ಬಂದಾಗ ನನಗೆ ಕಾರ್ಕಳದ ಒಂದು ಕೇಂದ್ರದಲ್ಲಿ ಕೊಠಡಿ ಮೇಲ್ವಿಚಾರಣೆಯ ಆದೇಶ ಬಂತು. ಮಗಳ ಕೇಂದ್ರ ಉಡುಪಿಯಲ್ಲಿ. ಬೇಕಾದರೆ ಮೇಲಿನವರಲ್ಲಿ ಕೇಳಿ ಬಿಡಿಸಿಕೊಡುತ್ತೇನೆ ಎಂದು ನಮ್ಮ ಮುಖ್ಯ ಶಿಕ್ಷಕರು ಹೇಳಿದರು. ಇವರದ್ದೂ ಅದೇ ಮಾತು. "ಇದೊಂದು ವರ್ಷ ಬೇಡ ಅಂತ ಹೇಳು ಮಾರಾಯ್ತಿ. ಅವಳಿಗೆ ಧೈರ್ಯಕ್ಕೆ ನೀನು ಮನೆಯಲ್ಲಿ ಇರಬೇಕು."

"ನಾನು ಮನೆಯಲ್ಲಿದ್ದರೆ ಗಡಿಯಾರ ನೋಡುತ್ತಾ ಕೂರುತ್ತೇನೆ. ಅದರಿಂದ ಯಾರಿಗೂ ಧೈರ್ಯ ಬರುವುದಿಲ್ಲ. ನಾನು ಹೋಗುತ್ತೇನೆ," ಎಂದೆ. ಮಗಳನ್ನು ಕೇಳಿದಾಗ ಹೋಗಿ ಬಾ ಅಮ್ಮ ಎಂದಳು, ಪುಸ್ತಕದಿಂದ ತಲೆ ಎತ್ತದೆ.

ಗಣಿತದ ದಿನ ಕೇಂದ್ರದಲ್ಲಿ ಫೋನು ಒಪ್ಪಿಸಿ ಕೊಠಡಿಗೆ ಹೋದೆ. ಪತ್ರಿಕೆ ಹಂಚಿ ಸ್ವಲ್ಪ ಹೊತ್ತಾಗಿತ್ತು. ಗೋಡೆಯ ಬದಿಯ ಬೆಂಚಿನಲ್ಲಿ ಒಬ್ಬಳು ಹುಡುಗಿ ಪೆನ್ನು ಹಿಡಿದು ಬರೆಯದೆ ಕುಳಿತಿದ್ದಳು. ತುಟಿ ಒಣಗಿತ್ತು. ಉತ್ತರದ ಬಗ್ಗೆ ಒಂದಕ್ಷರ ಆಡುವಂತಿಲ್ಲ, ಮೇಲೆ ಕ್ಯಾಮೆರಾ ಬೇರೆ. ನೀರು ತರಿಸಿ ಅವಳ ಮುಂದಿಟ್ಟು, ಮೊದಲು ನೀರು ಕುಡಿ, ಸಮಯ ಉಂಟು ಎಂದಷ್ಟೇ ಹೇಳಿದೆ. ಅವಳು ಕುಡಿದಳು, ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕುಳಿತಳು. ನಾನು ಕೊಠಡಿಯ ಇನ್ನೊಂದು ತುದಿಗೆ ಹೋಗಿ ತಿರುಗಿದಾಗ ಬರೆಯಲು ಶುರು ಮಾಡಿದ್ದಳು. ಉಡುಪಿಯಲ್ಲಿ ನನ್ನ ಮಗಳ ಕೊಠಡಿಯಲ್ಲೂ ನನ್ನ ಹಾಗೆ ಯಾರೋ ಒಬ್ಬರು ಓಡಾಡುತ್ತಿರುತ್ತಾರೆ ಎಂದು ಆಗ ಹೊಳೆಯಿತು. ಕೊನೆಯ ಗಂಟೆಯವರೆಗೂ ನಾನು ನನ್ನ ಕೊಠಡಿಯ ಮಕ್ಕಳನ್ನು ಮಾತ್ರ ನೋಡಿದೆ.

ಉತ್ತರಪತ್ರಿಕೆ ಒಪ್ಪಿಸಿ ಫೋನು ತೆಗೆದುಕೊಂಡಾಗ ಮಗಳೇ ಕರೆ ಮಾಡಿದಳು. "ಒಂದು ಬಿಟ್ಟೆ ಅಮ್ಮ. ತಿರುಗಿ ಬಂದು ನೋಡಿದೆ, ಆಗಲೂ ಬರಲಿಲ್ಲ. ಉಳಿದದ್ದೆಲ್ಲ ಬರೆದಿದ್ದೇನೆ. ಹಸಿವಾಗುತ್ತಾ ಉಂಟು."

ಬೆಳಿಗ್ಗೆ ಅವಳನ್ನು ಕೇಂದ್ರಕ್ಕೆ ಬಿಟ್ಟ ಮೇಲೆ ಇವರು ಗೇಟಿನ ಹತ್ತಿರ ನಿಲ್ಲಲಿಲ್ಲವಂತೆ. ನಿಲ್ಲಬೇಡಿ ಎಂದು ಅವಳು ಹೇಳಿದ್ದಳು. ಸೀದಾ ಅಂಗಡಿಗೆ ಹೋಗಿ ಕುಳಿತು, ಒಬ್ಬರಿಗೆ ತಪ್ಪು ಅಳತೆಯ ಪೈಪಿನ ಬೆಂಡು ಕೊಟ್ಟು, ಅವರು ವಾಪಸು ತಂದಾಗ ಮತ್ತೊಂದು ತಪ್ಪು ಅಳತೆಯದ್ದನ್ನು ಕೊಟ್ಟು ಕಳುಹಿಸಿದರಂತೆ. ಆದರೆ ಅಂಗಡಿ ಬಿಟ್ಟು ಕದಲಲಿಲ್ಲ.

ಫಲಿತಾಂಶ ಬಂದಾಗ ಗಣಿತದಲ್ಲಿ ಅಂಕ ನಾವು ಹೆದರಿದ್ದಕ್ಕಿಂತ ಎಷ್ಟೋ ಹೆಚ್ಚಿತ್ತು, ಇವರು ಮೊದಲು ಕನಸು ಕಂಡದ್ದಕ್ಕಿಂತ ಕಡಿಮೆ. ಕನ್ನಡದಲ್ಲಿ ಪೂರ್ತಿ ಸಿಗಲಿಲ್ಲವೆಂದು ನನ್ನ ಸಹೋದ್ಯೋಗಿಗಳು ನನ್ನನ್ನೇ ಗೇಲಿ ಮಾಡಿದರು. ಕಾಮರ್ಸ್ ತೆಗೆದುಕೊಳ್ಳುತ್ತೇನೆ ಎಂದು ಅವಳು ಹೇಳಿದಳು. ಅಷ್ಟು ಅಂಕ ಇಟ್ಟುಕೊಂಡು ಸೈನ್ಸ್ ಯಾಕೆ ಬೇಡ ಎಂದು ನಾನು ಒಮ್ಮೆ ಕೇಳಿದೆ, ಅವಳು ಕಾರಣ ಹೇಳಿದಳು, ನಾನು ಮತ್ತೆ ಕೇಳಲಿಲ್ಲ.

ಆ ಸಂಜೆ ನಾದಿನಿಯಿಂದ ಇವರಿಗೆ ಫೋನು ಬಂತು. ಅಂಕ ಎಷ್ಟು, ಇಷ್ಟು ಕಷ್ಟಪಟ್ಟು ಕಾಮರ್ಸಾ ಎಂದು ಅವರು ಕೇಳುವುದು ನನಗೂ ಕೇಳಿಸುತ್ತಿತ್ತು. ಇವರು ಮಾತ್ರೆ ನುಂಗಲು ನೀರಿನ ಲೋಟ ಹಿಡಿದು ನಿಂತಿದ್ದರು.

"ಪರೀಕ್ಷೆ ಬರೆದದ್ದು ಅವಳು, ಓದುವವಳೂ ಅವಳೇ," ಎಂದರು. "ಅವಳ ಹತ್ತಿರವೇ ಮಾತಾಡು, ಕೊಡುತ್ತೇನೆ." ಫೋನನ್ನು ಮಗಳ ಕೈಗೆ ಕೊಟ್ಟು, ಮಾತ್ರೆ ನುಂಗಿ, ಟಿವಿಯ ಸಂಪರ್ಕ ಮತ್ತೆ ಹಾಕಿಸಲು ಯಾರನ್ನು ಕರೆಯಬೇಕು ಎಂದು ನನ್ನನ್ನು ಕೇಳಿದರು.