ಹುಕ್ಕೇರಿಯ ಬ್ಯಾನರಿನ ಮೇಲಿನ ಮುಖ

ಶಾಸ್ತ್ರೀಯ ಸಂಗೀತ ಹಾಡುವವರು ಫೋಟೋ ಹೇಗೆ ತೆಗೆಸಿಕೊಳ್ಳಬೇಕು ಎಂದು ಯಾರಾದರೂ ನನ್ನನ್ನು ಕೇಳಿದರೆ ಎರಡು ಮಾತು ಹೇಳುತ್ತೇನೆ. ಒಂದು, ಮದುವೆ ಫೋಟೋ ತೆಗೆಯುವವರ ಹತ್ತಿರ ಹೋಗಬೇಡಿ. ಎರಡು, ನನ್ನನ್ನು ಕೇಳಬೇಡಿ. ಗೋಕಾಕದಲ್ಲಿ ಇಷ್ಟು ವರ್ಷ ಹಾಡು ಕಲಿಸಿದ್ದೇನೆ, ಶಿಷ್ಯರ ಸ್ವರ ಕೂದಲೆಳೆಯಷ್ಟು ಜಾರಿದರೂ ಅಡುಗೆಮನೆಯಿಂದಲೇ ಕೂಗಿ ಹೇಳುತ್ತೇನೆ. ಆದರೆ ಒಂದು ಫೋಟೋದ ವಿಷಯ ನೆನೆದರೆ ಇಂದಿಗೂ ಮೈ ಉರಿಯುತ್ತದೆ.

ಅಂಕಲಗಿ ಹತ್ತಿರದ ಹಳ್ಳಿಯಿಂದ ಒಬ್ಬ ಹುಡುಗಿ ನನ್ನಲ್ಲಿಗೆ ಪಾಠಕ್ಕೆ ಬರುತ್ತಿದ್ದಳು. ಕುರಿ ಸಾಕುವ ಮನೆತನ, ಈಗ ಹೊಲವೂ ಇದೆ. ಒಂಬತ್ತು ವರ್ಷ, ವಾರಕ್ಕೆ ಮೂರು ದಿನ ಬಸ್ಸು ಹಿಡಿದು ಬಂದವಳು. ಚಿಕ್ಕವಳಿದ್ದಾಗ ಅವಳ ತಾಯಿಯೂ ಜೊತೆಗೆ ಬಂದು, ಪಾಠ ಮುಗಿಯುವ ತನಕ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಶೇಂಗಾ ಒಡೆಯುತ್ತಿದ್ದಳು. ಹುಡುಗಿಯ ಮೈಬಣ್ಣ ಕಪ್ಪು. ಮುಂದಿನ ಒಂದು ಹಲ್ಲು ಪಕ್ಕದ ಹಲ್ಲಿನ ಮೇಲೆ ಏರಿ ಕೂತಿದೆ. ತಾರ ಷಡ್ಜ ಹಿಡಿದಾಗ ಕೊರಳ ನರ ಎದ್ದು ಕಾಣುತ್ತದೆ. ದೊಡ್ಡ ದನಿ, ಬಾಯಿ ತುಂಬ ತೆರೆದು ಹಾಡುತ್ತಾಳೆ. ಇವತ್ತಿಗೂ ನನ್ನ ಶಿಷ್ಯರಲ್ಲಿ ಅಂಥ ಕಂಠ ಇನ್ನೊಂದಿಲ್ಲ.

ಹುಕ್ಕೇರಿಯ ಭಾನುವಾರ ಬೆಳಗಿನ ಸಂಗೀತ ಸಭೆಗೆ ಅವಳನ್ನು ಕರೆದರು. ಒಂದು ತಾಸು ಪೂರ್ತಿ ಅವಳದೇ, ಬಾಳಿನ ಮೊದಲ ಕಛೇರಿ. ಸುತ್ತಲಿನ ಊರುಗಳಲ್ಲಿ ಕಾರ್ಯಕ್ರಮ ಇಡುವವರೆಲ್ಲ ಅಲ್ಲಿ ಬಂದು ಕೂಡುತ್ತಾರೆ. ಅವರ ಮನಸ್ಸಿಗೆ ಬಂದರೆ ಮುಂದೆ ನಾಲ್ಕು ಕಡೆ ಕರೆ ಬರುತ್ತದೆ, ಬರದಿದ್ದರೆ ಹಳ್ಳಿಯ ಭಜನೆಯಲ್ಲೇ ಹಾಡು ಮುಗಿದುಹೋಗುತ್ತದೆ. ಸಭೆಯವರು ಬ್ಯಾನರಿಗೆ ಒಂದು ಫೋಟೋ ಕೇಳಿದರು. ನನ್ನ ಮೊಬೈಲಿನಲ್ಲೇ ತೆಗೆದು ಕಳಿಸಿದ್ದರೆ ಪೀಡೆ ಅಲ್ಲಿಗೇ ಮುಗಿಯುತ್ತಿತ್ತು. ತಾಯಿ ಬಿಡಲಿಲ್ಲ.

“ಮೂಡಲಗ್ಯಾಗ ತಗಸೂಣ್ರಿ ಅಕ್ಕಾರ. ಆ ಸ್ಟುಡಿಯೋದವನ ಕೈಗುಣ ಭಾಳ ಛಲೋ ಐತಿ. ನಮ್ಮ ಮೈದುನನ ಹೆಣ್ಣಮಕ್ಕಳು ಇಬ್ಬರದೂ ಅಲ್ಲೇ ತಗಸಿದ್ದು. ವರ್ಷ ಆಗೂದ್ರಾಗ ಲಗ್ನ ಆತು ನೋಡ್ರಿ.”

ಕೈಗುಣ ಡಾಕ್ಟರಿಗೆ ಇರುತ್ತದೆ ಎಂದು ಕೇಳಿದ್ದೆ, ಕ್ಯಾಮರಾದವನಿಗೂ ಇರುತ್ತದೆ ಎಂದು ಅವತ್ತೇ ಗೊತ್ತಾದದ್ದು. ಅವನು ತೆಗೆದ ಫೋಟೋ ತೋರಿಸಿದರೆ ಗಂಡಿನ ಕಡೆಯವರು ಬೇಗ ಒಪ್ಪುತ್ತಾರಂತೆ. ಹೆಣ್ಣುಮಕ್ಕಳಿದ್ದ ಮನೆಯವರು ಎಲ್ಲೆಲ್ಲಿಂದಲೋ ಅವನ ಬಾಗಿಲಿಗೆ ಬರುತ್ತಾರೆ. ಸಭೆಗೊಂದು, ಲಗ್ನಕ್ಕೊಂದು, ಎರಡೂ ಫೋಟೋ ಒಂದೇ ಸಲಕ್ಕೆ ಆಗಿಬಿಡಲಿ ಎಂದು ತಾಯಿಯ ಯೋಚನೆ. ನಾನು ಹಲ್ಲು ಕಚ್ಚಿ ಹೂಂ ಎಂದೆ.

ಬಸ್ಸು ತಡವಾಗಿ ನಾನು ಮೂಡಲಗಿ ಮುಟ್ಟುವಷ್ಟರಲ್ಲಿ ಅರ್ಧ ಅನಾಹುತ ಆಗಿಹೋಗಿತ್ತು. ಮದುಮಕ್ಕಳಿಗೆ ಮೇಕಪ್ ಮಾಡುವ ಹೆಣ್ಣುಮಗಳೊಬ್ಬಳನ್ನು ಸಂಕೇಶ್ವರದಿಂದ ಕರೆಸಿದ್ದರು. ಹುಡುಗಿಯ ಮುಖ ಗೋಡೆಗೆ ಸುಣ್ಣ ಬಳಿದಂತಾಗಿತ್ತು. ಕೊರಳು ಮಾತ್ರ ಅವಳದೇ ಬಣ್ಣದಲ್ಲಿ ಉಳಿದಿತ್ತು. ಮೂಗಿಗೆ ಕೊಲ್ಹಾಪುರದ ಕಡೆಯ ದೊಡ್ಡ ನತ್ತು, ಅದು ತುಟಿಯ ಮೇಲೆ ತೂಗಾಡುತ್ತಿತ್ತು. ಹಾಡುವವಳ ಬಾಯಿಗೆ ಬೀಗ ಹಾಕಲು ಇದಕ್ಕಿಂತ ಒಳ್ಳೆಯ ಉಪಾಯ ಇರಲಾರದು.

“ಇದೇನ ಮಾಡೀರಿ?” ಎಂದೆ.

“ಬೇಸ್ ಹಾಕೇನ್ರಿ. ಬೇಸ್ ಇಲ್ಲಂದ್ರ ಫೋಟೋದಾಗ ಮಾರಿ ಏಳೂದಿಲ್ರಿ,” ಎಂದಳು ಆಕೆ, ಬ್ರಷ್ ನಿಲ್ಲಿಸದೆ.

ಹಾಡುವವರ ಮುಖಕ್ಕೆ ಬೇಕಾದದ್ದು ಬೆವರು ಮಿಂಚದಷ್ಟು ಪೌಡರು, ಕಣ್ಣಿಗೆ ತೆಳುವಾಗಿ ಕಾಡಿಗೆ, ತುಟಿಗೆ ತುಟಿಯದೇ ಬಣ್ಣ. ಮುಖಕ್ಕೊಂದು ಬಣ್ಣ ಕೊರಳಿಗೊಂದು ಬಣ್ಣ ಆಗಬಾರದು, ಹಾಡುವುದೇ ಕೊರಳು. ಇದನ್ನೆಲ್ಲ ನಾನು ಬಿಡಿಸಿ ಹೇಳುತ್ತಿದ್ದಾಗ ಫೋಟೋದವನು ಪ್ಲಾಸ್ಟಿಕ್ ವೀಣೆಯೊಂದನ್ನು ತಂದು ಹುಡುಗಿಯ ಮಡಿಲಲ್ಲಿಟ್ಟ.

“ಆಕಿ ವೀಣಾ ಬಾರ್ಸೂದಿಲ್ರಿ. ಹಾಡ್ತಾಳ.”

“ಹಾಡೂದು ಫೋಟೋದಾಗ ಹೆಂಗ ಕಾಣಬೇಕ್ರಿ ಮತ್ತ? ಕೈಯಾಗ ಏನರೆ ಇರಬೇಕಲ್ಲ?”

ನಿಜ ಹೇಳಬೇಕೆಂದರೆ ಪ್ರಶ್ನೆ ಸರಿಯಾಗಿಯೇ ಇತ್ತು. ಆದರೆ ಅವನೇ ಉತ್ತರವನ್ನೂ ಕೊಟ್ಟುಕೊಂಡ: ಬಾಯಿ ಮುಚ್ಚು, ಹಲ್ಲು ಕಾಣಬಾರದು, ತಲೆ ತುಸು ಬಗ್ಗಿಸು, ನಾಚಿಕೊಂಡಂಗ ಮಾಡು. ಹುಡುಗಿ ನನ್ನ ಕಡೆ ನೋಡುತ್ತ ಹೇಳಿದ್ದೆಲ್ಲ ಮಾಡಿದಳು. ಲಗ್ನದ ಫೋಟೋ ಆಯಿತು. ಅಲ್ಲಿಗೆ ನನ್ನ ಸಹನೆಯೂ ಮುಗಿಯಿತು. ಅವಳ ರಟ್ಟೆ ಹಿಡಿದು ಹಿತ್ತಲಿನ ನಲ್ಲಿಗೆ ಒಯ್ದು, ಸಾಬೂನು ಹಚ್ಚಿ ಮುಖ ತೊಳೆಸಿದೆ. ಮೇಕಪ್ಪಿನಾಕೆ ಬಾಯಿ ಬಾಯಿ ಬಿಟ್ಟಳು. ಹುಡುಗಿಯನ್ನು ಸ್ಟೂಲಿನ ಮೇಲೆ ಕೂಡಿಸಿ, ಮೊಬೈಲಿನಲ್ಲಿ ತಂಬೂರಿ ಹಚ್ಚಿ, ತೋಡಿ ರಾಗ ಹಾಡು ಎಂದೆ. ಅವಳು ಕಣ್ಣು ಮುಚ್ಚಿ ಹಾಡಿದಳು. ಫೋಟೋದವನು ಸ್ವಲ್ಪ ಹೊತ್ತು ಕ್ಯಾಮರಾ ಮರೆತು ನಿಂತ, ಆಮೇಲೆ ಒಂದೇ ಸಮನೆ ತೆಗೆದ.

ಒಂದು ಫೋಟೋದಲ್ಲಿ ಅವಳು ಪೂರ್ತಿ ಬಂದಿದ್ದಳು. ತೆರೆದ ಬಾಯಿ, ಏರಿದ ಹಲ್ಲು, ಕೊರಳ ನರ, ಎಲ್ಲ. “ಯವ್ವಾ, ಎಷ್ಟ ಬಾಯಿ ತಗದಾಳ ನೋಡ್ರಿ,” ಎಂದು ತಾಯಿ ನಕ್ಕಳು, ಬೇಡ ಎನ್ನಲಿಲ್ಲ. ಹುಡುಗಿ ಅದನ್ನು ನೋಡಿ, “ಇದು ನಾನ್ರಿ ಅಕ್ಕಾರ,” ಎಂದಳು. ಅಷ್ಟು ಖುಷಿ ಅವಳ ಮುಖದಲ್ಲಿ ನಾನು ಕಂಡದ್ದು ಕಡಿಮೆ. ಅದನ್ನೇ ಸಭೆಗೆ ಕಳಿಸಿ ಎಂದು ಹೇಳಿ ಬಂದೆವು.

ಮರುದಿನ ನಾನು ಪಾಠದಲ್ಲಿದ್ದಾಗ ಫೋಟೋದವನ ಫೋನ್ ಬಂತು. “ಅಕ್ಕಾರ, ಹಾಡೂ ಫೋಟೋ ಕಳಸಾಕತ್ತೇನ್ರಿ. ಹುಡುಗಿ ಭಾಳ ಕಪ್ಪ ಕಾಣತಾಳ. ಸ್ವಲ್ಪ ಬೆಳ್ಳಗ ಮಾಡ್ಲೇನ್ರಿ?”

ಬೇಡ ಎನ್ನಬೇಕಿತ್ತು. ಎದುರಿಗೆ ಮಕ್ಕಳು ಕೂತಿದ್ದರು, ಅವಸರವಿತ್ತು ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಸುಳ್ಳು. ಆ ಕ್ಷಣ ಹುಕ್ಕೇರಿಯಲ್ಲಿ ಕಾರ್ಯಕ್ರಮ ಇಡುವವರು ಕೂಡುವ ಮುಂದಿನ ಸಾಲಿನ ಕುರ್ಚಿಗಳು ನನ್ನ ಕಣ್ಣ ಮುಂದೆ ಬಂದವು. ತುಸು ಬೆಳ್ಳಗಿದ್ದರೆ ಅವಳಿಗೇ ಒಳ್ಳೆಯದು ಎನ್ನಿಸಿತು. “ಸ್ವಲ್ಪ ಮಾಡ್ರಿ,” ಎಂದೆ.

ಫೋಟೋದಿಂದಲೇ ಗಂಡು ಹುಡುಕಿಕೊಡುವವನ ‘ಸ್ವಲ್ಪ’ ಎಷ್ಟು ದೊಡ್ಡದೆಂದು ಸಭೆಯವರು ಬ್ಯಾನರಿನ ಚಿತ್ರ ಮೊಬೈಲಿಗೆ ಕಳಿಸಿದಾಗ ತಿಳಿಯಿತು. ಹಾಲಿನಂಥ ಮುಖ, ಸಾಲಾಗಿ ಜೋಡಿಸಿದ ಹಲ್ಲು, ನರವಿಲ್ಲದ ನುಣ್ಣನೆಯ ಕೊರಳು. ಗಲ್ಲವನ್ನೂ ಕೆತ್ತಿಬಿಟ್ಟಿದ್ದ. ಹುಡುಗಿಯೂ ನೋಡಿದಳು, ಲಗ್ನದ ಆಸೆಗೆ ತಾಯಿಯೇ ಹೇಳಿ ಮಾಡಿಸಿರಬೇಕೆಂದುಕೊಂಡು ಅವಳೊಡನೆ ಮಾತು ಬಿಟ್ಟಳು. ತಾಯಿ ನನ್ನ ಕಟ್ಟೆಗೆ ಬಂದು ಅತ್ತಳು. “ನಾ ಖರೇನ ಹೇಳಿಲ್ರಿ ಅಕ್ಕಾರ. ನೀವರೆ ಆಕಿಗೆ ಹೇಳ್ರಿ. ಎಂಟ ದಿನ ಆತು, ನನ್ನ ಕೈಯಾಗಿನ ರೊಟ್ಟಿ ತಿನ್ನವಲ್ಲಳು.”

“ಕಛೇರಿ ಆಗ್ಲಿ, ಹೇಳತೇನಿ,” ಎಂದೆ. ಹುಡುಗಿಯ ಮನಸ್ಸು ಕೆಡುತ್ತದೆ ಎಂಬುದು ನನ್ನ ನೆವ. ಕೆಡುವುದೇನು ಉಳಿದಿತ್ತೋ ದೇವರಿಗೇ ಗೊತ್ತು.

ಭಾನುವಾರ ಅವಳು ಹಾಡಿದ್ದನ್ನು ನಾನು ಹೊಗಳಿದರೆ ಗುರುವಿನ ಮಮಕಾರ ಎಂದುಕೊಳ್ಳುತ್ತೀರಿ. ಕೊನೆಗೆ ಒಂದು ನಿಮಿಷ ಯಾರೂ ಏಳಲಿಲ್ಲ ಎಂದಷ್ಟೇ ಹೇಳುತ್ತೇನೆ. ವೇದಿಕೆ ಇಳಿದು ಅವಳು ನನ್ನ ಕಡೆ ಬರುತ್ತಿದ್ದಳು, ತಾಯಿ ಹತ್ತಿರದಲ್ಲೇ ನಿಂತಿದ್ದಳು. ಸಂಕೇಶ್ವರದಲ್ಲಿ ಕಾರ್ಯಕ್ರಮ ಇಡುವ ಹಿರಿಯರೊಬ್ಬರು ನಡುವೆ ಬಂದರು. ತಡವಾಗಿ ಬಂದು ಹಿಂದೆ ಕೂತವರು, ಪರಿಚಯದ ಮಾತು ಕೇಳಿರಲಿಲ್ಲ.

“ಭಾಳ ಛಲೋ ಹಾಡಿದಿ ತಂಗಿ. ಬ್ಯಾನರಿನ ಮ್ಯಾಲಿನ ಹುಡುಗಿ ಯಾಕ ಬರಲಿಲ್ಲ?”

“ಆಕೀಗಿ ಆರಾಮಿಲ್ರಿ. ಅದಕ್ಕ ನಾ ಹಾಡಿದ್ನಿ,” ಎಂದಳು ಹುಡುಗಿ, ತಾಯಿಯನ್ನೇ ನೋಡುತ್ತ.

“ಹೌದಾ? ಆಕಿ ನಂಬರ ಇದ್ರ ಕೊಡವಾ. ನಮ್ಮ ಕಡೆ ಕರಸೂಣಂತ.”

ತಾಯಿ ಮುಂದೆ ಬಂದಳು. “ಆಕಿನ ಈಕಿರಿ. ನನ್ನ ಮಗಳ್ರಿ.”

“ನನ್ನ ಮಾರಿ ನಿನಗ ಬ್ಯಾಡಾಗಿತ್ತಲ್ಲ ಯವ್ವಾ, ಈಗ್ಯಾಕ ಮಗಳು?”

ಅಷ್ಟು ಜನರ ಎದುರಿಗೆ ಅಂದಳು. ತಾಯಿ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು ನನ್ನ ಕಡೆ ನೋಡಿದಳು.

“ನಿಮ್ಮವ್ವ ಅಲ್ಲ,” ಎಂದೆ. “ನಾನ ಹೇಳಿದ್ದು. ಅವ ಫೋನ್ ಮಾಡಿದ್ದ, ಬೆಳ್ಳಗ ಮಾಡ್ರಿ ಅಂತ ನಾನ ಅಂದ್ನಿ.”

ಹಿರಿಯರು ತಬ್ಬಿಬ್ಬಾಗಿ, “ಈಕಿದ ನಂಬರ ಕೊಡ್ರಿ, ಈಕಿದ,” ಎಂದು ಜೇಬಿನಲ್ಲಿ ಪೆನ್ನು ತಡಕಾಡಿದರು. ಯಾರೂ ಕೊಡಲಿಲ್ಲ. ಹಾಡು ಮುಗಿದ ಮೇಲೆ ಮೊದಲು ಗುರುವಿಗೆ ನಮಸ್ಕಾರ ಮಾಡುವುದು ನಮ್ಮಲ್ಲಿ ರೂಢಿ. ಹುಡುಗಿ ತಾಯಿಯ ಹತ್ತಿರ ಹೋಗಿ ಬಗ್ಗಿ ಕಾಲು ಮುಟ್ಟಿದಳು. ಆಮೇಲೆ ನನ್ನ ಕಡೆ ಬಂದು ಬಗ್ಗಿದಳು. ಮುಟ್ಟಿಸಿಕೊಳ್ಳುವ ಮುಖವಿಲ್ಲದೆ ನಾನು ಕಾಲು ಹಿಂದಕ್ಕೆ ತೆಗೆದುಕೊಂಡೆ.